ಬಿಸಿಲಕ್ಕ ಹಾರಿಸಿದ ನೀರು

ನಮ್ಮ ಲಾಂಡ್ರಿಯ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆದು ಒಣಹಾಕುವವಳಿಗೆ ಬಿಸಿಲಕ್ಕ ಅಂತ ಹೆಸರಿಟ್ಟವಳು ನಾನೇ. ಏನಾದರೂ ಕೇಳಿದರೆ ಅವಳು ಮೊದಲು ಆಕಾಶ ನೋಡುವಳು, ಆಮೇಲೆ ಹಗ್ಗ ನೋಡುವಳು. ಅಷ್ಟರಲ್ಲಿ ನಾವು ಕೇಳಿದ್ದೇನೆಂದು ನಮಗೇ ಮರೆತುಹೋಗಿರುತ್ತಿತ್ತು. ನಾನು ಇಸ್ತ್ರಿ ಕೋಣೆಯವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಒಂದು ಉತ್ತರಕ್ಕೆ ಅಷ್ಟು ಹೊತ್ತು ಕಾಯುವುದು ನನ್ನಿಂದಾಗದ ಕೆಲಸ. ಒಂದು ದಿನ ತಾಳ್ಮೆಗೆಟ್ಟು, ನಿನಗೆ ಬಿಸಿಲೇ ಗಂಡ, ಬಿಸಿಲೇ ಮಕ್ಕಳು ಎಂದು ಬೈದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಹೆಸರು ಮಾತ್ರ ಉಳಿದುಕೊಂಡಿತು.

ನನ್ನ ಇಸ್ತ್ರಿ ಮೇಜು ಕಿಟಕಿಯ ಪಕ್ಕದಲ್ಲಿದೆ. ಕಿಟಕಿಯಾಚೆ ಅವಳ ಅಂಗಳ, ಅಂಗಳದ ಗೋಡೆಯಾಚೆ ಕಾಲುವೆ, ಕಾಲುವೆ ಮುಗಿಯುವಲ್ಲಿ ಸಮುದ್ರ. ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಕಾಲುವೆಯ ಗುಂಟ ನಡೆದು ಬಂದು ಅವಳ ಹಗ್ಗಗಳ ಮೇಲೆ ಕೂರುತ್ತಿತ್ತು. ಅವಳು ಒಣಬಟ್ಟೆ ಹಿಡಿದು ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿ, ಆ ಬಟ್ಟೆಯನ್ನು ಹಿಂಡುತ್ತಿದ್ದಳು. ಆಮೇಲೆ ಹೋಟೆಲಿನ ಬೆಡ್‌ಶೀಟುಗಳು ಒಂದೊಂದಾಗಿ ಮೇಲೇರುತ್ತಿದ್ದವು. ಬಿಸಿಲು ಬಲಿತಂತೆ ಅವುಗಳಿಂದ ಹಬೆ ಏಳುವುದು ಬರಿಗಣ್ಣಿಗೇ ಕಾಣುತ್ತಿತ್ತು. ಬಿಳಿ ಬಟ್ಟೆಯ ಅಂಚಿನಿಂದ ಬಿಳಿ ಉಸಿರು ಮೇಲೆದ್ದು, ಗೋಡೆಯ ಎತ್ತರದವರೆಗೆ ಹೋಗಿ, ಇಲ್ಲವಾಗುತ್ತಿತ್ತು. ಅದನ್ನು ನೋಡುತ್ತ ನಿಂತರೆ ನನಗೂ ಕಣ್ಣು ಎಳೆಯುತ್ತಿತ್ತು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದುದರಿಂದ ಬಚಾವು.

ಬಟ್ಟೆ ಒಣಗಿತೋ ಇಲ್ಲವೋ ಎಂದು ಅವಳು ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಕೈ ಸದಾ ಒದ್ದೆ, ಅದು ಸುಳ್ಳು ಹೇಳುತ್ತದೆ. ಕೆನ್ನೆ ಒತ್ತಿ ನೋಡುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಒಂದೊಂದೇ ಶೀಟಿಗೆ ಕೆನ್ನೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ ಓಡಾಡುವವಳನ್ನು ಹೊಸಬರು ನೋಡಿದರೆ ಇವಳಿಗೆ ಎಲ್ಲೋ ತಟ್ಟಿದೆ ಅಂದುಕೊಳ್ಳಬೇಕು. ಊಟದ ಹೊತ್ತಿನಲ್ಲಿ ಅವಳೊಂದು ಲೆಕ್ಕ ಹೇಳುತ್ತಿದ್ದಳು. ಒಗೆದ ಬಟ್ಟೆಯ ಕೊಳೆನೀರು ಕೆಳಗೆ ಹೋಗಿ ಕಾಲುವೆ ಸೇರುತ್ತದೆ, ಹಿಂಡಿದ ಮೇಲೂ ಬಟ್ಟೆಯಲ್ಲಿ ಉಳಿದ ನೀರು ಮೇಲೆ ಹೋಗಿ ಮೋಡ ಸೇರುತ್ತದೆ, ಹಾಗಾಗಿ ಈ ಊರಿನ ಪ್ರತಿ ಮೋಡದಲ್ಲೂ ತನ್ನದೊಂದು ಪಾಲಿದೆ ಎಂದು. ಮಳೆ ಬಂದು ಅವಳ ಬಟ್ಟೆಯನ್ನೇ ನೆನೆಸಿದ ದಿನ ನಾನು ಬಿಡುತ್ತಿರಲಿಲ್ಲ. ತಗೋ, ನಿನ್ನ ಪಾಲು ಬಡ್ಡಿ ಸಮೇತ ಬಂತು ಎನ್ನುತ್ತಿದ್ದೆ.

ಅವಳಿಗೊಬ್ಬ ತಮ್ಮನಿದ್ದ, ಹಡಗಿನಲ್ಲಿ ಕೆಲಸ. ಸಮುದ್ರದ ಮಧ್ಯೆ ಹೋಗುವವರಿಗೆ ಸುತ್ತ ನೀರಿದ್ದರೂ ಕುಡಿಯಲು ಹನಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆ ಉಪ್ಪುನೀರನ್ನು ಒಳಗೆಳೆದು, ಎಂಜಿನ್ನಿನ ಬಿಸಿಯಲ್ಲಿ ಆವಿ ಮಾಡಿ, ಆವಿಯನ್ನು ತಣ್ಣನೆಯ ಕೊಳವೆಗಳಿಗೆ ತಾಗಿಸಿ ಸಿಹಿನೀರು ಇಳಿಸುವ ಯಂತ್ರವನ್ನು ಅವನು ನೋಡಿಕೊಳ್ಳುತ್ತಿದ್ದ. ಒಬ್ಬಳು ನೀರನ್ನು ಹಾರಿಸುವವಳು, ಇನ್ನೊಬ್ಬ ಹಾರಿದ ನೀರನ್ನು ಹಿಡಿಯುವವನು. ಒಂದೇ ಬಳ್ಳಿಯ ಕಾಯಿಗಳು ಎಂದು ನಾನು ನಗಾಡುತ್ತಿದ್ದೆ. ಯಂತ್ರದ ನೀರಿಗೆ ಯಾವ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಕುಡಿದರೆ ಏನನ್ನೂ ಕುಡಿಯಲಿಲ್ಲವೇನೋ ಅನ್ನಿಸುತ್ತದೆ ಎಂದು ಅವನು ಹೇಳುತ್ತಿದ್ದ.

ಇವರಿಬ್ಬರ ತಾಯಿ ನನಗೆ ಕೆಲಸ ಕಲಿಸಿದವರು. ನಾನು ಈಗ ನಿಲ್ಲುವ ಮೇಜಿನ ಮುಂದೆಯೇ ಅವರು ತಲೆ ನರೆಯುವ ತನಕ ನಿಂತಿದ್ದರು. ಗಂಜಿಯ ಹಬೆಯಲ್ಲಿ ಬೆವರುತ್ತಿದ್ದರೂ ಮೈಮೇಲಿನ ಬೂದು ಬಣ್ಣದ ಉಣ್ಣೆ ಸ್ವೆಟರನ್ನು ತೆಗೆಯುತ್ತಿರಲಿಲ್ಲ, ಹೊರಗೆ ಹೋದರೆ ಗಾಳಿ ತಾಗುತ್ತದೆ ಎಂಬ ಭಯ. ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಗ ಮಗ ನಡುಸಮುದ್ರದಲ್ಲಿದ್ದ. ಸುದ್ದಿ ತಲುಪಿತು, ಅವನು ತಲುಪಲಿಲ್ಲ. ಬಂದಾಗ ಅವನಿಗೆ ನೋಡಲು ಉಳಿದದ್ದು ಮೊಳೆಗೆ ತೂಗುಹಾಕಿದ್ದ ಆ ಸ್ವೆಟರು ಮಾತ್ರ. ಅದರಲ್ಲಿ ಮುಖವಿಟ್ಟು ಅವನು ಅತ್ತದ್ದನ್ನು ನಾನು ನೋಡಿದ್ದೇನೆ, ನೋಡಬಾರದಿತ್ತು ಅನ್ನಿಸುವಷ್ಟು ಅತ್ತ.

ಅಂದಿನಿಂದ ಅಕ್ಕ ತಮ್ಮನ ನಡುವೆ ಒಂದು ಕಟ್ಟಳೆ ಆಯಿತು. ಸ್ವೆಟರನ್ನು ಒಗೆಯದೆ, ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ ಮಡಿಸಿಡುವುದು. ತಮ್ಮ ರಜೆಗೆ ಬಂದಾಗ ಮಾತ್ರ ತೆರೆಯುವುದು. ಅವನು ಹೊಸಿಲು ದಾಟಿದವನೇ ಚೀಲ ಇಳಿಸುವ ಮುಂಚೆ ಡಬ್ಬಿಯ ಮುಚ್ಚಳ ತೆಗೆದು, ಕುತ್ತಿಗೆಯ ಪಟ್ಟಿಗೆ ಮೂಗಿಟ್ಟು, ಸುಮ್ಮನೆ ಕೂರುತ್ತಿದ್ದ. ಆಮೇಲೆ ಬಿಸಿಲಕ್ಕ. ಆಮೇಲೆ ಮುಚ್ಚಳ. ವರ್ಷದಿಂದ ವರ್ಷಕ್ಕೆ ವಾಸನೆ ತೆಳುವಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಿಕೊಳ್ಳುತ್ತಿರಲಿಲ್ಲ. ಹಡಗಿನಲ್ಲಿ ಅಮ್ಮನ ಮುಖ ನೆನಪಾಗುವುದೇ ನಿಂತುಹೋಗಿದೆ, ಆ ಡಬ್ಬಿ ತೆರೆದರೆ ಮಾತ್ರ ಮುಖ ಬರುತ್ತದೆ ಎಂದು ತಮ್ಮ ಒಮ್ಮೆ ನನ್ನ ಬಳಿ ಅಂದಿದ್ದ.

ಈ ಸಲ ಅವನು ಬರಲು ಒಂದು ತಿಂಗಳಿದ್ದಾಗ ಹೋಟೆಲಿನಿಂದ ಬಟ್ಟೆಯ ಗುಡ್ಡವೇ ಬಂದಿತ್ತು. ಬಿಸಿಲಕ್ಕ ಸ್ವೆಟರಿಗೆ ಹುಳು ಹಿಡಿದಿದೆಯೋ ಎಂದು ನೋಡಲು ಡಬ್ಬಿ ತೆರೆದಳು. ಅವಳ ಕೋಣೆ ಅಂಗಳದ ಮೂಲೆಯಲ್ಲೇ ಇತ್ತು. ಆ ಹೊತ್ತಿಗೇ ಹೋಟೆಲಿನ ವ್ಯಾನು ಬಂದು ಹಾರನ್ ಹೊಡೆಯಿತು. ಸ್ವೆಟರನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಳು, ಬಟ್ಟೆ ಎಣಿಸಿ ತೆಗೆದುಕೊಂಡಳು, ತೊಟ್ಟಿಯ ಮುಂದೆ ಕೂತಳು. ಜೀವಮಾನವಿಡೀ ಒಗೆದ ಕೈಗಳು. ಹೆಗಲ ಮೇಲಿದ್ದದ್ದನ್ನು ಎಳೆದುಕೊಂಡವು, ಕುತ್ತಿಗೆಯ ಪಟ್ಟಿ ತಿರುವಿ ನೋಡಿದವು, ಅಲ್ಲಿ ಕೊಳೆ ಕಂಡಿತು, ಸೋಪು ಹಚ್ಚಿ ತಿಕ್ಕಿದವು. ಅವಳ ಕಣ್ಣು ಆಗ ಎಲ್ಲಿತ್ತೆಂದರೆ ಮೋಡದ ಮೇಲೆ.

ನೀರು ಬೂದು ಬಣ್ಣಕ್ಕೆ ತಿರುಗಿದಾಗ ಅವಳಿಗೆ ಎಚ್ಚರವಾಯಿತು. ಅವಳು ಕೂಗಲಿಲ್ಲ, ಹಾಗಾಗಿ ನನಗೆ ತಡವಾಗಿ ಗೊತ್ತಾಯಿತು. ಕಿಟಕಿಯಿಂದ ನೋಡಿದರೆ ಎರಡೂ ಕೈಗಳನ್ನು ನೀರಿನಲ್ಲೇ ಬಿಟ್ಟು ಕೂತಿದ್ದಳು. ಹೋಗಿ ನೋಡಿದರೆ ನೀರಿನಲ್ಲಿ ಆ ಸ್ವೆಟರು. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ, ಇಷ್ಟು ವರ್ಷ ಜೋಪಾನ ಮಾಡಿದ್ದೆಲ್ಲ ಒಂದು ಗಳಿಗೆಯಲ್ಲಿ ಕರಗಿಹೋಗಿತ್ತು. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಪಕ್ಕದಲ್ಲೇ ಕೂತೆ.

ಸ್ವೆಟರನ್ನು ನಾನೇ ಹಿಂಡಿ ನೆರಳಿನಲ್ಲಿ ಹರವಿದೆ. ತೊಟ್ಟಿಯ ನೀರನ್ನು ಚೆಲ್ಲಲು ಮಾತ್ರ ಅವಳು ಬಿಡಲಿಲ್ಲ. ಅಮ್ಮ ಈಗ ಈ ನೀರಿನಲ್ಲಿದ್ದಾಳೆ ಅಂದಳು.  ತೊಟ್ಟಿಯನ್ನು ಎಳೆದುಕೊಂಡು ಹೋಗಿ ತನ್ನ ಕೋಣೆಯ ಮಾಡಿನ ಕೆಳಗಿಟ್ಟಳು. ಮಾರನೆಯ ದಿನ ನೋಡಿದರೆ ತೊಟ್ಟಿಯ ಒಳಗೋಡೆಯಲ್ಲಿ ಸೋಪಿನ ಒಂದು ಗೆರೆ, ನೀರು ಅದಕ್ಕಿಂತ ಒಂದಿಷ್ಟು ಕೆಳಗೆ. ಬಿಸಿಲೇ ತಾಗದಿದ್ದರೂ ನೀರು ಹೊರಟಿತ್ತು. ನೀರನ್ನು ಓಡಿಸುವುದನ್ನೇ ಕಸುಬು ಮಾಡಿಕೊಂಡವಳು ಈಗ ಅದನ್ನು ನಿಲ್ಲಿಸಲು ಹೊರಟಳು. ಹಲಗೆ ಮುಚ್ಚಿದಳು. ಹಲಗೆಯನ್ನು ಎತ್ತಿ ನೋಡಿದರೆ ಅಡಿಯಲ್ಲೆಲ್ಲ ಹನಿಗಳು ನೇತಾಡುತ್ತಿದ್ದವು, ತಿಳಿಯಾಗಿ, ಒಂದಕ್ಕೊಂದು ತಾಗಿಯೂ ತಾಗದೆ. ಅವಳು ಆ ಹನಿಗಳನ್ನು ಬಹಳ ಹೊತ್ತು ನೋಡುತ್ತಿದ್ದಳು. ಬೆರಳಿಗೆ ಒಂದನ್ನು ತೆಗೆದುಕೊಂಡು ಮೂಸಿದಳು. ಏನೂ ಇರಲಿಲ್ಲ. ಆಮೇಲೆ ಹಲಗೆ ಮುಚ್ಚಲಿಲ್ಲ.

ಆ ದಿನಗಳಲ್ಲಿ ಅವಳಿಗೆ ಬೀಳುತ್ತಿದ್ದ ಕನಸುಗಳನ್ನು ಕೆಲಸದ ನಡುವೆ ನನಗೆ ಹೇಳುತ್ತಿದ್ದಳು. ಅಮ್ಮ ತೊಟ್ಟಿಯಿಂದ ಎದ್ದು, ಹಗ್ಗದ ಮೇಲೆ ಕೂತು ಕಾಲು ಆಡಿಸಿ, ಹಾಗೇ ಮೇಲೆ ಹೋಗುತ್ತಾಳಂತೆ. ಅಲ್ಲಿ ಎಲ್ಲೂ ಗೋಡೆಯಿಲ್ಲ. ಗಾಳಿ ಎತ್ತಿಕೊಂಡು ಗುಡ್ಡದ ಕಡೆ ಹೋಗುತ್ತದೆ, ಗುಡ್ಡಕ್ಕೆ ತಾಗಿದರೆ ಮಳೆಯಾಗಿ ಇಳಿಯುತ್ತಾಳೆ, ಮಣ್ಣಿನೊಳಗೆ ಇಂಗಿ ಕತ್ತಲಲ್ಲಿ ನಿಧಾನವಾಗಿ ನಡೆದು ನಮ್ಮ ಬಾವಿಗೆ ಬರುತ್ತಾಳೆ. ಗುಡ್ಡ ತಪ್ಪಿದರೆ ಸಮುದ್ರಕ್ಕೆ ಬೀಳುತ್ತಾಳೆ, ಅಲ್ಲಿ ತಮ್ಮನ ಹಡಗು ಎಳೆದುಕೊಳ್ಳುತ್ತದೆ, ಅವನು ಗೊತ್ತಿಲ್ಲದೆ ಚಹಾ ಮಾಡಿ ಕುಡಿಯುತ್ತಾನೆ. ಅಮ್ಮನ ಚಹಾ ಕುಡಿದರೆ ಮಗನಿಗೆ ಪುಣ್ಯ ಬಿಡು ಅಂದೆ. ಅವಳು ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು.

ಚರಂಡಿ ಸ್ವಚ್ಛ ಮಾಡಿಸುವ ಮೇಸ್ತ್ರಿ ಬಂದಾಗ ಅವನನ್ನೂ ಕೇಳಿದಳು, ಹೋದ ನೀರು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂದು. ಅವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಯೋಚಿಸಿದ. ಒಂದಿಷ್ಟು ನೀರು ಸಂಜೆ ಹೋಗಿ ಬೆಳಿಗ್ಗೆ ಇಬ್ಬನಿಯಾಗಿ ಬರುತ್ತದೆ, ಇನ್ನೊಂದಿಷ್ಟು ಭೂಮಿಯೊಳಗೆ ಹೊಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಇಲ್ಲ, ನೀರಿಗೇನು ನಮ್ಮ ಹಾಗೆ ಹಾಜರಿ ಇದೆಯೇ ಅಂದ. ಅವನನ್ನು ಅಲ್ಲಿಂದ ಓಡಿಸಿದವಳು ನಾನು.

ಅವಳ ಸಂಕಟ ಒಂದೇ, ತಮ್ಮನಿಗೆ ಏನು ಹೇಳುವುದು. ಅವನಿಗೆ ಅಮ್ಮನ ಮುಖ ಕಾಣಿಸುತ್ತಿದ್ದ ಒಂದೇ ಕಿಟಕಿಯನ್ನು ತಾನೇ ಮುಚ್ಚಿಬಿಟ್ಟೆ ಎಂಬುದು ಅವಳನ್ನು ತಿನ್ನುತ್ತಿತ್ತು. ಅವನು ಬಂದ ದಿನ ಅವಳು ಏನನ್ನೂ ಮುಚ್ಚಿಡಲಿಲ್ಲ. ಹೊಸಿಲಲ್ಲೇ ನಿಲ್ಲಿಸಿ, ಸ್ವೆಟರು ಒಗೆದುಬಿಟ್ಟೆ ಕಣೋ, ಗೊತ್ತಿಲ್ಲದೆ ಒಗೆದುಬಿಟ್ಟೆ ಅಂದಳು. ಅವನು ಡಬ್ಬಿ ತೆರೆದು, ಪಟ್ಟಿಗೆ ಮೂಗಿಟ್ಟ. ಸೋಪು. ಮಡಿಸಿ ಅಲ್ಲೇ ಇಟ್ಟ.

ಆಮೇಲೆ ತೊಟ್ಟಿ ಅವನ ಕಣ್ಣಿಗೆ ಬಿತ್ತು. ತಳದಲ್ಲಿ ಒಂದು ಬೊಗಸೆಯಷ್ಟು ಕೊಚ್ಚೆ ಉಳಿದಿತ್ತು. ಅದೇನೆಂದು ಅವಳು ಹೇಳಿದಳು, ಅಮ್ಮ ಮೇಲೆ ಹೋಗುವ ಕನಸನ್ನೂ ಹೇಳಿದಳು.

"ಅಕ್ಕ, ನಾನು ದಿನಾ ಮಾಡೋ ಕೆಲಸ ಇದು. ನೀರು ಮೇಲೇಳುವಾಗ ಒಂಟಿಯಾಗೇ ಏಳುತ್ತೆ. ಉಪ್ಪನ್ನ ಬಿಟ್ಟು ಹೋಗುತ್ತೆ, ಕೊಳೆನ ಬಿಟ್ಟು ಹೋಗುತ್ತೆ. ನಿನ್ನ ಮೋಡದಲ್ಲೂ ಅಮ್ಮ ಇಲ್ಲ, ಮಳೇಲೂ ಇಲ್ಲ."

ಅಷ್ಟು ಹೇಳಿ ತೊಟ್ಟಿಯನ್ನು ವಾಲಿಸಿದ. ಆ ಕೊಚ್ಚೆ ಅಂಗಳದ ಕಲ್ಲಿನ ಮೇಲೆ ಹರಿದು, ಮೋರಿಗೆ ಬಿದ್ದು, ಕಾಲುವೆಯ ಕಡೆ ಹೋಯಿತು. ಬಿಸಿಲಕ್ಕ ತಡೆಯಲಿಲ್ಲ. ನನಗೆ ಅವನ ಕೆನ್ನೆಗೊಂದು ಬಿಡಬೇಕೆನಿಸಿತು. ಆದರೆ ಖಾಲಿ ತೊಟ್ಟಿಯನ್ನು ಅವನು ಸದ್ದಾಗದಂತೆ ಕೆಳಗಿಟ್ಟದ್ದನ್ನೂ ನೋಡಿದೆ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಬಾ ಅನ್ನುವಷ್ಟು, ಬಂದೆ ಅನ್ನುವಷ್ಟು. ಅವನು ಹಗಲೆಲ್ಲ ಹಡಗುಕಟ್ಟೆಗೆ ಹೋಗಿ ಕೂರುತ್ತಿದ್ದ. ಅವಳು ಶೀಟುಗಳಿಗೆ ಕೆನ್ನೆ ಒತ್ತುತ್ತ ಓಡಾಡುತ್ತಿದ್ದಳು, ಒಣಗಿದ್ದನ್ನೂ ಒಣಗಿಲ್ಲವೆಂದು ಬಿಟ್ಟು ಹೋಗುತ್ತಿದ್ದಳು. ಕಡ್ಡಿ ತುಂಡು ಮಾಡಿದ ಹಾಗೆ ಇಬ್ಬರಿಗೂ ಬುದ್ಧಿ ಹೇಳಬೇಕೆಂದು ನಾನು ದಿನವೂ ಹೊರಡುತ್ತಿದ್ದೆ, ಅವರ ಬಾಗಿಲ ತನಕ ಹೋಗಿ ವಾಪಸ್ ಬರುತ್ತಿದ್ದೆ. ನನ್ನ ಬಾಯಿಗೂ ಬೀಗ ಬೀಳುವ ಜಾಗಗಳಿವೆ.

ಅವನ ರಜೆ ಮುಗಿಯಲು ಕೆಲವೇ ದಿನಗಳಿದ್ದಾಗ ಮಳೆ ಬಂತು. ಹೇಳಿಕೇಳಿ ಬಂದ ಮಳೆಯಲ್ಲ. ಸಮುದ್ರದ ಕಡೆ ಒಂದು ಗೋಡೆ ಎದ್ದಂತೆ ಕಪ್ಪಾಯಿತು, ನೋಡುತ್ತಿದ್ದಂತೆ ಅಂಗಳದ ಮೇಲಿತ್ತು. ಬಿಸಿಲಕ್ಕ ಹಗ್ಗದಿಂದ ಹಗ್ಗಕ್ಕೆ ಓಡಿದಳು. ಎಲ್ಲಿದ್ದನೋ, ತಮ್ಮನೂ ಓಡಿ ಬಂದ. ಇಬ್ಬರೂ ಮಾತಿಲ್ಲದೆ ಶೀಟುಗಳನ್ನು ಎಳೆದುಕೊಂಡರು. ಮಾಡಿನ ಕೆಳಗೆ ನಿಂತು ಒಂದೊಂದು ಶೀಟಿನ ಎರಡು ತುದಿ ಹಿಡಿದು, ಒಬ್ಬರು ಆ ಕಡೆ ಒಬ್ಬರು ಈ ಕಡೆ ತಿರುವಿ ಹಿಂಡಿದರು. ನೀರು ಅವರಿಬ್ಬರ ನಡುವೆ ಸುರಿಯಿತು. ಎದುರುಬದುರು ನಿಂತರೂ ಮುಖ ನೋಡಿಕೊಳ್ಳಲಿಲ್ಲ.

ಮಳೆ ಬಿಡಲಿಲ್ಲ. ಬಿಸಿಲಿಲ್ಲದ ಮೇಲೆ ಬಿಸಿಲಕ್ಕನಿಗೆ ಅಂಗಳದಲ್ಲೇನು ಕೆಲಸ. ಶೀಟುಗಳನ್ನು ಇಸ್ತ್ರಿಯ ಬಿಸಿಯಲ್ಲೇ ಒಣಗಿಸಬೇಕಾಯಿತು. ಅವಳು ಒಳಗೆ ಬಂದು ನನ್ನ ಪಕ್ಕದ ಮೇಜಿಗೆ ನಿಂತಳು. ತೊಟ್ಟ ಬಟ್ಟೆಯೆಲ್ಲ ಒದ್ದೆ, ಬದಲಿಗೆ ತೊಡಲು ಬೆಚ್ಚನೆಯದು ಯಾವುದೂ ಒಣಗಿರಲಿಲ್ಲ. ಎಲ್ಲರ ಬಟ್ಟೆ ಒಣಗಿಸುವವಳ ಮನೆಯಲ್ಲಿ ಯಾವಾಗಲೂ ಇದೇ ಗತಿ. ಹೋಗಿ ಡಬ್ಬಿಯಿಂದ ಅಮ್ಮನ ಸ್ವೆಟರು ತೆಗೆದು ಹಾಕಿಕೊಂಡು ಬಂದಳು. ನಾನು ದಿಟ್ಟಿಸಿದ್ದಕ್ಕೆ, ಇನ್ನು ಇದರಲ್ಲಿ ಏನಿದೆ, ಬರೀ ಉಣ್ಣೆ, ಚಳಿಗಾದರೂ ಆಗಲಿ ಅಂದಳು.

ಆ ದಿನಗಳು ನನಗೆ ನಿದ್ದೆಯಲ್ಲಿ ಕಳೆದ ಹಾಗಿವೆ. ಹೊರಗೆ ಮಳೆ, ಒಳಗೆ ಹಬೆ. ಒದ್ದೆ ಶೀಟಿನ ಮೇಲೆ ಇಸ್ತ್ರಿ ಇಟ್ಟರೆ ನೀರು ನಿಟ್ಟುಸಿರಿನಂತೆ ಎದ್ದು, ಚಾವಣಿಗೆ ತಾಗಿ, ಹನಿಯಾಗಿ ಮತ್ತೆ ನಮ್ಮ ತಲೆಯ ಮೇಲೇ ಬೀಳುತ್ತಿತ್ತು. ಕಿಟಕಿಯ ಗಾಜಿನ ಆಚೆಯ ಹನಿಯೂ ಈಚೆಯ ಹನಿಯೂ ಒಟ್ಟಿಗೆ ಜಾರುತ್ತಿದ್ದವು, ಯಾವುದು ಮಳೆ ಯಾವುದು ನಮ್ಮದು ಎಂದು ಹೇಳಲಾಗುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಮಸುಕು. ಬಿಸಿಲಕ್ಕ ಮಾತಾಡದೆ ದುಡಿದಳು, ಬೆವರಿದಳು, ಸ್ವೆಟರು ತೆಗೆಯಲಿಲ್ಲ. ರಾತ್ರಿ ಅದನ್ನೇ ಹೊದ್ದು ಮಲಗಿದಳು, ಬೆಳಿಗ್ಗೆ ಅದನ್ನೇ ತೊಟ್ಟು ಬಂದಳು.

ತಮ್ಮ ಹೊರಡುವ ಹಿಂದಿನ ಮಧ್ಯಾಹ್ನ ನಮಗೆ ಚಹಾ ತಂದ. ಅಕ್ಕನ ಹಿಂದಿನಿಂದ ಬಂದು ಲೋಟ ಮೇಜಿನ ಮೇಲಿಡಲು ಬಗ್ಗಿದವನು ಹಾಗೇ ನಿಂತ. ಚಹಾ ತುಳುಕಿ ಶೀಟಿಗೆ ಚೆಲ್ಲಿತು. ನಾನು ಇನ್ನೇನು ಬೈಯಲು ಬಾಯಿ ತೆರೆಯಬೇಕು, ಅಷ್ಟರಲ್ಲಿ.

"ಅಕ್ಕ, ಅಲುಗಾಡಬೇಡ" ಅಂದ.

ಅವಳ ಕುತ್ತಿಗೆಯ ಹಿಂದೆ, ಸ್ವೆಟರಿನ ಪಟ್ಟಿಯ ಹತ್ತಿರ ಮುಖ ತಂದ. ಉಸಿರೆಳೆದುಕೊಂಡ. ಮತ್ತೆ ಎಳೆದುಕೊಂಡ. ಆಮೇಲೆ ಹಣೆಯನ್ನು ಅವಳ ಬೆನ್ನಿಗೆ ಇಟ್ಟು, ಅಮ್ಮ ಅಂದ. ಅಕ್ಕನನ್ನು ಕರೆದದ್ದಲ್ಲ. ಅದು ಅಮ್ಮನದೇ ವಾಸನೆ, ಡಬ್ಬಿಯಲ್ಲಿದ್ದದ್ದಕ್ಕಿಂತ ಗಟ್ಟಿಯಾಗಿ, ಅವರು ಇದ್ದಾಗ ಇದ್ದ ಹಾಗೇ ಇದೆ ಎಂದ. ಇಸ್ತ್ರಿಯ ಮೇಲಿದ್ದ ಕೈ ನನಗೆ ಮರೆತುಹೋಗಿ, ಹೋಟೆಲಿನ ಶೀಟಿನಲ್ಲಿ ಕಂದು ಬಣ್ಣದ ಗುರುತು ಮೂಡಿತು. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಬಿಸಿಲಕ್ಕ ತೋಳನ್ನು ಮೂಗಿಗೆ ಹಿಡಿದಳು. ಪಟ್ಟಿಯನ್ನು ಎಳೆದು ಮೂಸಿದಳು. ಇನ್ನೊಂದು ತೋಳು. ಅವಳ ಮುಖ ಸಣ್ಣಗಾಯಿತು.

"ನನಗೆ ಬರ್ತಾ ಇಲ್ಲ ಕಣೋ."

"ನಿನ್ನದು ನಿನಗೆ ಹೇಗೆ ಬರುತ್ತೆ ಅಕ್ಕ" ಅಂದ ಅವನು, ಬೆನ್ನಿನಿಂದ ತಲೆ ಎತ್ತದೆ.

ಅವಳು ನನ್ನ ಕಡೆ ನೋಡಿದಳು. ನಾನೂ ಹೋಗಿ ಮೂಸಿದೆ. ನನ್ನ ಮೂಗು ಗಂಜಿಯ ಹಬೆಯಲ್ಲಿ ಬೆಂದುಹೋಗಿದೆ, ನನಗೆ ಒದ್ದೆ ಉಣ್ಣೆಯಷ್ಟೇ ಬಂತು. ಆದರೆ ಅವನ ಮುಖ ನೋಡಿದೆ, ನಂಬಿದೆ. ಅವಳೂ ನಂಬಿದಳು. ನಂಬಿ ಅತ್ತಳು, ಅಮ್ಮ ಇಷ್ಟು ಹತ್ತಿರ ಬಂದೂ ತನಗೊಬ್ಬಳಿಗೆ ಸಿಗಲಿಲ್ಲವೆಂದು ಅತ್ತಳು. ತಮ್ಮ ಅವಳನ್ನು ಸಮಾಧಾನ ಮಾಡುವ ಬದಲು ತಾನೂ ಅತ್ತ. ನಾನು ಬೆನ್ನು ತಿರುಗಿಸಿ ಸುಟ್ಟ ಶೀಟನ್ನು ಮಡಿಸಿದೆ.

ಮಾರನೆಯ ಬೆಳಿಗ್ಗೆ ಮಳೆ ನಿಂತಿತ್ತು. ಅವನು ಚೀಲ ಕಟ್ಟಿ ಬಂದು, ಸ್ವೆಟರು ಬಿಚ್ಚಿ ಕೊಡು, ನಾನೇ ಡಬ್ಬಿಯಲ್ಲಿಟ್ಟು ಹೋಗುತ್ತೇನೆ, ಇನ್ನು ಮುಟ್ಟಬೇಡ ಅಂದ. ಅವಳು ಬಿಚ್ಚಿದಳು, ಆದರೆ ಕೊಡಲಿಲ್ಲ.

"ಒಗೀತೀನಿ. ಡಬ್ಬಿಲಿಟ್ರೆ ಸವೆದು ಸವೆದು ಒಂದಿನ ಮುಗಿದೇ ಹೋಗುತ್ತೆ. ನೀನು ಬರೋ ಮುಂಚೆ ಒಂದು ವಾರ ಹಾಕ್ಕೊಂಡು ಇಸ್ತ್ರಿಗೆ ನಿಲ್ತೀನಿ. ಮತ್ತೆ ಬರುತ್ತೆ."

 ಅವನು ನೆಲ ನೋಡಿಕೊಂಡು ಹೇಳಿದ.

"ನೀನಿರೋ ತನಕ."

"ಹೂಂ, ನಾನಿರೋ ತನಕ. ಆಮೇಲೆ ನೀನು ಹಾಕ್ಕೋ. ನಿನಗೆ ಗೊತ್ತಾಗಲ್ಲ, ಅಷ್ಟೇ."

 ಅವನು ಹಡಗುಕಟ್ಟೆಗೆ ಹೋಗಬೇಕಾದ ವ್ಯಾನಿಗೆ ಹೊತ್ತಾಗುತ್ತಿತ್ತು, ನನಗೆ ಒಳಗೊಳಗೇ ಚಡಪಡಿಕೆ. ಕೊನೆಗೆ ಚೀಲವನ್ನು ಗೋಡೆಗೊರಗಿಸಿ, ಅಂಗಿಯ ತೋಳು ಮಡಿಸಿ, ಬಾವಿಯಿಂದ ತಾನೇ ನೀರು ಸೇದಿ ತೊಟ್ಟಿಗೆ ಸುರಿದ.